ಭೂರಸಾಯನ ಶಾಸ್ತ್ರದ ಪಿತಾಮಹ ಗೋಲ್ಡ್‌ಷ್ಮಿಟ್

ನಾವು ಉಸಿರಾಡುವ ಗಾಳಿಯ ಐದು ಪಾಲುಗಳಲ್ಲಿ ಸುಮಾರು ನಾಲ್ಕು ಪಾಲು ಸಾರಜನಕವೆಂಬುದು ವಿದ್ಯಾರ್ಥಿಗಳೆಲ್ಲರೂ ಬಲ್ಲ ಸಂಗತಿ. ಅದಿಲ್ಲದೆ ಪೈರು ಬೆಳೆಯದು. ಪ್ರಾಣಿಗಳ ದೇಹ ಪುಷ್ಟಿಗೊಳ್ಳದು. ಆದರೆ ಬೆಟ್ಟದ ನೆತ್ತಿಯಲ್ಲಿ ಕದಲದೆ ಕುಳಿತ ಗ್ರಾನೈಟ್ ಬಂಡೆಯೊಳಗೂ ಸಾರಜನಕವಿದೆಯೆಂದರೆ ಹಲವರು ನಂಬಲಾರರು. ಭೂಗರ್ಭದ ಬೇಗೆಯಲ್ಲಿ ಕರಗಿ, ಮೆಲ್ಲಮೆಲ್ಲನೆ ತಣಿದು ಹರಳುಗಟ್ಟಿದ ಆ ಕಲ್ಲಿಗೂ ಕಣ್ಣಿಗೆ ಕಾಣದ ಈ ಅನಿಲಕ್ಕೂ ಎಲ್ಲಿಯ ಸಂಬಂಧ? ಅದು ಕಲ್ಲಿನಲ್ಲಿ ಇರುವುದೇ ನಿಜವಾದರೆ ಎಲ್ಲಿ, ಯಾವ ರೂಪದಲ್ಲಿ ನೆಲೆಸಿದೆ? ಈ ಪ್ರಶ್ನೆಗಳನ್ನು ಬಿಡಿಸಲು ನೆರವಾದದ್ದು ವಿಜ್ಞಾನಿಯೊಬ್ಬರು ಕಂಡುಕೊಟ್ಟ ಸರಳ ನಿಯಮ. ಪ್ರತಿಯೊಂದು ಧಾತುವಿಗೂ ಕಲ್ಲಿನೊಳಗೆ ತಕ್ಕ ನೆಲೆಯೊಂದುಂಟು ಎಂದು ತೋರಿಸಿಕೊಟ್ಟ ಅವರಿಗೆ, ಈ ಭೂಮಿಯ ಮೇಲೆ ನೆಮ್ಮದಿಯ ನೆಲೆಯೊಂದು ದೊರೆಯುವುದೇ ದುರ್ಲಭವಾಯಿತು. ಅವರೇ ಆಧುನಿಕ ಭೂರಸಾಯನ ಶಾಸ್ತ್ರದ ಪಿತಾಮಹರೆಂದು ಖ್ಯಾತರಾದ ವಿಕ್ಟರ್ ಮೊರಿಟ್ಸ್ ಗೋಲ್ಡ್‌ಷ್ಮಿಟ್.

ಗೋಲ್ಡ್‌ಷ್ಮಿಟ್ ಅವರು 1888ನೆಯ ಇಸವಿ ಜನವರಿ 27ರಂದು ಸ್ವಿಟ್ಸರ್ಲೆಂಡಿನ ಜ್ಯೂರಿಚ್ ನಗರದಲ್ಲಿ ಜನಿಸಿದರು. ತಂದೆ ಹೈನ್ರಿಕ್ ಗೋಲ್ಡ್‌ಷ್ಮಿಟ್ ಹೆಸರಾಂತ ರಸಾಯನ ವಿಜ್ಞಾನಿ; ತಾಯಿ ಅಮೆಲಿ. ಯೆಹೂದಿ ಮನೆತನಕ್ಕೆ ಸೇರಿದ ಈ ದಂಪತಿಗಳಿಗೆ ವಿಕ್ಟರ್ ಒಬ್ಬನೇ ಮಗ. ತಂದೆಯು ತಮ್ಮ ಸಹೋದ್ಯೋಗಿಯಾಗಿದ್ದ ರಸಾಯನ ವಿಜ್ಞಾನಿ ವಿಕ್ಟರ್ ಮೇಯರ್ ಅವರ ಮೇಲಿನ ಗೌರವದಿಂದ ಮಗನಿಗೆ ಅವರ ಹೆಸರನ್ನೇ ಇಟ್ಟರು. 1901ರಲ್ಲಿ ನಾರ್ವೆ ದೇಶದ ರಾಜಧಾನಿಯ ವಿಶ್ವವಿದ್ಯಾನಿಲಯವು ಹೈನ್ರಿಕ್ ಅವರನ್ನು ಪ್ರಾಧ್ಯಾಪಕರನ್ನಾಗಿ ಆಹ್ವಾನಿಸಿತು. ಅಂದು ಕ್ರಿಸ್ಟಿಯಾನಿಯಾ ಎಂದು ಕರೆಯಲ್ಪಡುತ್ತಿದ್ದ ಆ ನಗರವೇ 1925ರಿಂದ ಆಸ್ಲೋ ಎಂಬ ಹೆಸರನ್ನು ಪಡೆದಿದೆ. ಹದಿಮೂರು ವರ್ಷದ ಬಾಲಕ ವಿಕ್ಟರ್ ತಂದೆತಾಯಿಗಳೊಡನೆ ಆ ಶೀತದೇಶಕ್ಕೆ ಬಂದನು. ಅದನ್ನೇ ತನ್ನ ನಾಡೆಂದು ಭಾವಿಸಿ ಬೆಳೆದನು. 1905ರಲ್ಲಿ ಈ ಕುಟುಂಬಕ್ಕೆ ನಾರ್ವೆಯ ಪೌರತ್ವವೂ ದೊರೆಯಿತು.

ಆ ವರ್ಷಗಳಲ್ಲಿ ನಾರ್ವೆಯ ಜನರ ಬಾಯಲ್ಲಿ ಸಾರಜನಕದ ಮಾತೇ ಮಾತಾಗಿದ್ದಿತು. ಅದೇ ವಿಶ್ವವಿದ್ಯಾನಿಲಯದ ಭೌತವಿಜ್ಞಾನಿ ಬಿರ್ಕೆಲಾಂಡ್ ಮತ್ತು ಎಂಜಿನಿಯರ್ ಐಡೆ ಎಂಬುವರು 1903ರಲ್ಲಿ ವಿದ್ಯುತ್ ಜ್ವಾಲೆಯ ಮೂಲಕ ಗಾಳಿಯ ಸಾರಜನಕವನ್ನು ಆಮ್ಲಜನಕದೊಡನೆ ಕೂಡಿಸುವ ವಿಧಾನವನ್ನು ಕಂಡುಹಿಡಿದಿದ್ದರು. ಧುಮುಕುವ ಜಲಪಾತಗಳ ವಿದ್ಯುತ್ತನ್ನು ಬಳಸಿ, ಗಾಳಿಯಿಂದ ಗೊಬ್ಬರವನ್ನು ತಯಾರಿಸುವ ಕಾರ್ಖಾನೆ ನೊಟೊಡೆನ್ ಎಂಬಲ್ಲಿ 1905ರಲ್ಲಿ ಕೆಲಸವನ್ನಾರಂಭಿಸಿತು. ಯಾವುದರೊಡನೆಯೂ ಸುಲಭವಾಗಿ ಬೆರೆಯದ ಸಾರಜನಕವನ್ನು ಬಂಧಿಸಲು ಮನುಷ್ಯನು ಇಷ್ಟೊಂದು ಶ್ರಮಪಡಬೇಕಾಯಿತು. ಆದರೆ ಪ್ರಕೃತಿಯು ಸದ್ದಿಲ್ಲದೆ ಆ ಕೆಲಸವನ್ನು ಮಾಡಿ, ಅದನ್ನು ಕಲ್ಲಿನೊಳಗೂ ಕೂಡಿಟ್ಟಿರುವ ಬಗೆ ಅಂದು ಯಾರಿಗೂ ಸ್ಪಷ್ಟವಾಗಿ ತಿಳಿದಿರಲಿಲ್ಲ.

ತಂದೆಯಿಂದ ರಸಾಯನ ವಿಜ್ಞಾನದ ಅಭಿರುಚಿಯನ್ನು ಪಡೆದ ವಿಕ್ಟರ್, 1905ರಲ್ಲಿ ವಿಶ್ವವಿದ್ಯಾನಿಲಯವನ್ನು ಸೇರಿ ಪ್ರಸಿದ್ಧ ಭೂವಿಜ್ಞಾನಿ ಬ್ರೊಗ್ಗರ್ ಅವರ ಶಿಷ್ಯರಾದರು. ಒಂದು ಕಡೆ ರಸಾಯನ ವಿಜ್ಞಾನ, ಮತ್ತೊಂದು ಕಡೆ ಭೂವಿಜ್ಞಾನ. ಈ ಎರಡು ಹೊಳೆಗಳೂ ಅವರಲ್ಲಿ ಕೂಡಿ ಹರಿದುವು. ಆಸ್ಲೋ ಸುತ್ತಲಿನ ಗುಡ್ಡಗಳಲ್ಲಿ ಬಹುಕಾಲದ ಹಿಂದೆ ಶಿಲಾರಸವು ಭೂಗರ್ಭದಿಂದ ಮೇಲೆ ಬಂದು, ಜೇಡಿಶಿಲೆ ಹಾಗೂ ಸುಣ್ಣಕಲ್ಲಿನ ಪದರಗಳ ನಡುವೆ ನುಗ್ಗಿ, ಅವುಗಳನ್ನು ಸುಟ್ಟು ಬೇರೆ ಶಿಲೆಗಳನ್ನಾಗಿ ಮಾರ್ಪಡಿಸಿದೆ. ಹೀಗೆ ಮಾರ್ಪಟ್ಟ ಶಿಲೆಗಳನ್ನು ಗೋಲ್ಡ್‌ಷ್ಮಿಟ್ ಅವರು ಊರೂರು ಅಲೆದು ಸಂಗ್ರಹಿಸಿದರು. ತೆಳುವಾಗಿ ಉಜ್ಜಿ, ಸೂಕ್ಷ್ಮದರ್ಶಕದಡಿಯಲ್ಲಿ ಪರೀಕ್ಷಿಸಿದರು. ಯಾವ ಖನಿಜದ ಜೊತೆಗೆ ಯಾವ ಖನಿಜವು ಇರಬಲ್ಲುದು, ಯಾವುದು ಇರಲಾರದು ಎಂಬುದು ಆಕಸ್ಮಿಕವಲ್ಲ, ಅದಕ್ಕೆ ರಸಾಯನ ವಿಜ್ಞಾನದ ಕಟ್ಟುಪಾಡುಗಳಿವೆ ಎಂದು ಅವರು ಸ್ಥಾಪಿಸಿದರು. 1911ರಲ್ಲಿ ಪ್ರಕಟವಾದ ಈ ಮಹಾಪ್ರಬಂಧಕ್ಕಾಗಿ ಅವರಿಗೆ ಡಾಕ್ಟರೇಟ್ ಪದವಿ ದೊರೆತಾಗ ಅವರ ವಯಸ್ಸು ಕೇವಲ 23. 1914ರಲ್ಲಿ, 26ನೆಯ ವಯಸ್ಸಿನಲ್ಲಿಯೇ ಅವರು ಪ್ರಾಧ್ಯಾಪಕರೂ ಖನಿಜವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಆದರು.

ಅದೇ ವರ್ಷ ಮೊದಲನೆಯ ಮಹಾಯುದ್ಧವು ಆರಂಭವಾಯಿತು. ನಾರ್ವೆ ಯುದ್ಧದಲ್ಲಿ ಸೇರದಿದ್ದರೂ ಹೊರದೇಶಗಳಿಂದ ಬರುತ್ತಿದ್ದ ಸಾಮಗ್ರಿಗಳ ಅಭಾವ ಅದನ್ನು ಕಾಡಿತು. 1917ರಲ್ಲಿ ಸರ್ಕಾರವು ದೇಶದ ಕಚ್ಚಾವಸ್ತುಗಳ ಅನ್ವೇಷಣೆಯ ಹೊಣೆಯನ್ನು ಗೋಲ್ಡ್‌ಷ್ಮಿಟ್ ಅವರಿಗೆ ವಹಿಸಿತು. ಹೊಲಗಳಿಗೆ ಬೇಕಾದ ಪೊಟ್ಯಾಸಿಯಂ ಗೊಬ್ಬರವನ್ನು ನಾಡಿನ ಬಂಡೆಗಳಿಂದಲೇ ಪಡೆಯಬಹುದೇ ಎಂಬುದು ಅವರ ಮುಂದಿದ್ದ ಪ್ರಶ್ನೆಗಳಲ್ಲೊಂದು. ಬಂಡೆಗಳಲ್ಲಿ ಹೊಳೆಯುವ ಅಭ್ರಕದಲ್ಲಿ, ಅಂದರೆ ಹಳ್ಳಿಗರು ಕಾಗೆಬಂಗಾರವೆನ್ನುವ ಖನಿಜದಲ್ಲಿ, ಪೊಟ್ಯಾಸಿಯಂ ಇದೆ. ಅದರಲ್ಲಿಯೂ ಬಯೋಟೈಟ್ ಎಂಬ ಕಪ್ಪು ಅಭ್ರಕವು ತನ್ನಲ್ಲಿರುವ ಪೊಟ್ಯಾಸಿಯಮನ್ನು ಸಸ್ಯಗಳಿಗೆ ಸುಲಭವಾಗಿ ಬಿಟ್ಟುಕೊಡುವುದೆಂದು ಅವರ ಪ್ರಯೋಗಗಳು ತಿಳಿಸಿದುವು. ಅಭ್ರಕದ ಹಾಳೆಗಳ ನಡುವೆ ಪೊಟ್ಯಾಸಿಯಂ ಕುಳಿತಿರುವ ಈ ಸ್ಥಳವನ್ನು ನಾವು ನೆನಪಿನಲ್ಲಿಡಬೇಕು. ನಮ್ಮ ಕಥೆಯ ಕೀಲಿಕೈ ಅಲ್ಲಿಯೇ ಇದೆ.

ಯುದ್ಧಾನಂತರ ಗೋಲ್ಡ್‌ಷ್ಮಿಟ್ ಅವರ ಮನಸ್ಸನ್ನು ಇನ್ನೂ ದೊಡ್ಡ ಪ್ರಶ್ನೆಯೊಂದು ಆವರಿಸಿತು. ಭೂಮಿಯಲ್ಲಿ ಧಾತುಗಳು ಮನಬಂದಂತೆ ಚೆಲ್ಲಾಡಿವೆಯೇ ಅಥವಾ ಅವುಗಳ ಹಂಚಿಕೆಗೆ ನಿಯಮವುಂಟೇ? ಆ ವೇಳೆಗೆ ಕ್ಷ-ಕಿರಣಗಳಿಂದ ಹರಳುಗಳ ಒಳರಚನೆಯನ್ನು ಅರಿಯುವ ವಿಧಾನವು ಬಳಕೆಗೆ ಬಂದಿದ್ದಿತು. ಫಿನ್‌ಲೆಂಡಿನ ವಿಜ್ಞಾನಿಯೊಬ್ಬರು ಆಮ್ಲಜನಕ ಮತ್ತು ಫ್ಲೋರಿನ್ ಅಯಾನುಗಳ ಗಾತ್ರವನ್ನು ನಿರ್ಣಯಿಸಿದ್ದರು. ಇವೆರಡನ್ನೂ ಆಧಾರವಾಗಿರಿಸಿಕೊಂಡು ಗೋಲ್ಡ್‌ಷ್ಮಿಟ್ ಹಾಗೂ ಅವರ ಸಹಾಯಕರು ಹಗಲಿರುಳೆನ್ನದೆ ದುಡಿದು, ನೂರಾರು ಸಂಯುಕ್ತಗಳನ್ನು ಪರೀಕ್ಷಿಸಿ, 1926ರಲ್ಲಿ ಬಹುಪಾಲು ಧಾತುಗಳ ಅಯಾನುಗಳ ಗಾತ್ರಗಳನ್ನು ಪಟ್ಟಿಮಾಡಿ ಪ್ರಕಟಿಸಿದರು. ಧಾತುಗಳ ಹಂಚಿಕೆಯ ನಿಯಮಗಳನ್ನು ಕುರಿತ ಅವರ ಪ್ರಬಂಧಮಾಲೆಯು 1923ರಿಂದ 1938ರವರೆಗೆ ಒಂಬತ್ತು ಭಾಗಗಳಲ್ಲಿ ಹೊರಬಂದಿತು.

ಆ ನಿಯಮಗಳ ಸಾರ ಇಷ್ಟು. ಹರಳೊಂದು ಬೆಳೆಯುವಾಗ ಅದರೊಳಗೆ ನಿರ್ದಿಷ್ಟ ಅಳತೆಯ ಸ್ಥಳಗಳು ಏರ್ಪಡುತ್ತವೆ. ಆ ಸ್ಥಳಕ್ಕೆ ಹೊಂದುವಷ್ಟು ಗಾತ್ರವೂ ತಕ್ಕ ವಿದ್ಯುದಂಶವೂ ಉಳ್ಳ ಅಯಾನು ಯಾವುದೇ ಆಗಲಿ, ಅಲ್ಲಿ ಸೇರಿಕೊಳ್ಳಬಲ್ಲದು. ಎರಡು ಅಯಾನುಗಳ ಗಾತ್ರದಲ್ಲಿನ ವ್ಯತ್ಯಾಸವು ಸುಮಾರು ಶೇಕಡಾ 15ಕ್ಕಿಂತ ಕಡಿಮೆಯಾಗಿದ್ದರೆ ಒಂದರ ಸ್ಥಾನದಲ್ಲಿ ಇನ್ನೊಂದು ಧಾರಾಳವಾಗಿ ನೆಲೆಸುತ್ತದೆ. ಧಾತುವಿನ ಹೆಸರನ್ನಾಗಲಿ ಕುಲವನ್ನಾಗಲಿ ಹರಳು ಕೇಳುವುದಿಲ್ಲ. ಅದು ಗಾತ್ರವನ್ನೂ ವಿದ್ಯುದಂಶವನ್ನೂ ಮಾತ್ರ ನೋಡುತ್ತದೆ.

ಇದೇ ವೇಳೆಯಲ್ಲಿ ಗೋಲ್ಡ್‌ಷ್ಮಿಟ್ ಅವರು ಧಾತುಗಳನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಿದರು. ಕಬ್ಬಿಣದೊಡನೆ ಸೇರಬಯಸುವುವು, ಗಂಧಕದೊಡನೆ ಸೇರಬಯಸುವುವು, ಶಿಲೆಗಳಲ್ಲಿ ನೆಲೆಸಬಯಸುವುವು, ವಾಯುಮಂಡಲಕ್ಕೆ ಏರಬಯಸುವುವು ಎಂಬುವೇ ಆ ಗುಂಪುಗಳು. ಸಾರಜನಕವು ಕೊನೆಯ ಗುಂಪಿಗೆ ಸೇರಿದ್ದು. ಹಾಗಿದ್ದರೆ ಗ್ರಾನೈಟಿನೊಳಗೆ ಅದು ಹೇಗೆ ಬಂದಿತು? ಅನಿಲರೂಪದಲ್ಲಿರುವ ಸಾರಜನಕಕ್ಕೆ ಹರಳಿನಲ್ಲಿ ಸ್ಥಳವಿಲ್ಲವೆಂಬುದೇನೋ ನಿಜ. ಆದರೆ ಒಂದು ಸಾರಜನಕ ಪರಮಾಣು ನಾಲ್ಕು ಜಲಜನಕ ಪರಮಾಣುಗಳೊಡನೆ ಕೂಡಿದಾಗ ಅಮೋನಿಯಂ ಎಂಬ ಅಯಾನು ಆಗುತ್ತದೆ. ಸೆಂಟಿಮೀಟರಿನ ಹತ್ತು ಕೋಟಿಯಲ್ಲೊಂದು ಭಾಗಕ್ಕೆ ಆಂಗ್‌ಸ್ಟ್ರಾಂ ಎಂದು ಹೆಸರು. ಗೋಲ್ಡ್‌ಷ್ಮಿಟ್ ಅವರ ಪಟ್ಟಿಯಂತೆ ಪೊಟ್ಯಾಸಿಯಂ ಅಯಾನಿನ ತ್ರಿಜ್ಯ 1.33 ಆಂಗ್‌ಸ್ಟ್ರಾಂ, ಅಮೋನಿಯಂ ಅಯಾನಿನದು ಸುಮಾರು 1.43. ಎರಡರ ವಿದ್ಯುದಂಶವೂ ಒಂದೇ. ಆದುದರಿಂದ ಪೊಟ್ಯಾಸಿಯಂ ಕುಳಿತುಕೊಳ್ಳುವ ಸ್ಥಳದಲ್ಲಿ ಅಮೋನಿಯಂ ಅಯಾನೂ ಸಲೀಸಾಗಿ ಕುಳಿತುಕೊಳ್ಳಬಲ್ಲದು. ಸೋಡಿಯಂ ಅಯಾನಿನ ತ್ರಿಜ್ಯವಾದರೋ ಸುಮಾರು 0.98 ಮಾತ್ರ, ಅದರ ಸ್ಥಳವು ಅಮೋನಿಯಂಗೆ ಇಕ್ಕಟ್ಟಾಗುತ್ತದೆ.

ಗ್ರಾನೈಟಿನ ಮುಖ್ಯ ಖನಿಜಗಳು ಬೆಣಚು, ಫೆಲ್ಡ್‌ಸ್ಪಾರ್ ಮತ್ತು ಅಭ್ರಕ. ಇವುಗಳಲ್ಲಿ ಸಾರಜನಕದ ಹಂಚಿಕೆಯು ಮೇಲಿನ ನಿಯಮಕ್ಕೆ ಬಹುಮಟ್ಟಿಗೆ ಅನುಗುಣವಾಗಿಯೇ ಇದೆ. ಕಪ್ಪು ಅಭ್ರಕದಲ್ಲಿ ಅದು ಸಾಮಾನ್ಯವಾಗಿ ಎಲ್ಲಕ್ಕಿಂತ ಹೆಚ್ಚು. ಅನಂತರ ಬಿಳಿಯ ಅಭ್ರಕದಲ್ಲಿ, ಆ ಬಳಿಕ ಪೊಟ್ಯಾಸಿಯಂ ಫೆಲ್ಡ್‌ಸ್ಪಾರಿನಲ್ಲಿ. ಸೋಡಿಯಂ ಮತ್ತು ಕ್ಯಾಲ್ಸಿಯಂ ಇರುವ ಫೆಲ್ಡ್‌ಸ್ಪಾರಿನಲ್ಲಿ ಅದು ಅತ್ಯಲ್ಪ; ಬೆಣಚಿನ ಹರಳಿನ ಚೌಕಟ್ಟಿನಲ್ಲಿ ಅದಕ್ಕೆ ತಕ್ಕ ಸ್ಥಳವೇ ಇಲ್ಲ. ಇಡೀ ಕಲ್ಲನ್ನು ತೆಗೆದುಕೊಂಡರೆ ಹತ್ತು ಲಕ್ಷ ಭಾಗಗಳಲ್ಲಿ ಸಾರಜನಕವು ಸಾಮಾನ್ಯವಾಗಿ ಕೆಲವು ಹತ್ತು ಭಾಗಗಳಷ್ಟು ಮಾತ್ರ. ಪ್ರಮಾಣವು ಅಲ್ಪವಾದರೂ ಪರ್ವತಶ್ರೇಣಿಗಳ ಗಾತ್ರಕ್ಕೆ ಗುಣಿಸಿದಾಗ ಅದು ಅಪಾರವಾದ ಸಂಪತ್ತು.

ಈ ಅಮೋನಿಯಂ ಕಲ್ಲಿಗೆ ಬಂದ ದಾರಿಯೂ ವಿಸ್ಮಯಕರವಾದುದು. ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಜೀವಲೋಕಕ್ಕೆ ಒದಗಿಸುತ್ತವೆ. ಜೀವಿಗಳು ಸತ್ತು ಸಮುದ್ರತಳದ ಕೆಸರಿನಲ್ಲಿ ಹೂತುಹೋದಾಗ ಅವುಗಳ ದೇಹ ಕೊಳೆತು ಅಮೋನಿಯಂ ಹೊರಬರುತ್ತದೆ. ಅದು ಜೇಡಿಯ ಖನಿಜಗಳಲ್ಲಿ ಪೊಟ್ಯಾಸಿಯಂನ ಸ್ಥಾನವನ್ನು ಹಿಡಿಯುತ್ತದೆ. ಕೆಸರು ಗಟ್ಟಿಯಾಗಿ ಶಿಲೆಯಾಗುತ್ತದೆ. ಭೂಮಿಯ ಆಳಕ್ಕೆ ಇಳಿದು, ಕಾವು ಹಾಗೂ ಒತ್ತಡಗಳಿಂದ ಅಭ್ರಕಶಿಲೆಯಾಗುತ್ತದೆ. ಇನ್ನೂ ಆಳದಲ್ಲಿ, ಸುಮಾರು 700 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಅದು ಕರಗತೊಡಗಿ ಶಿಲಾರಸವಾಗುತ್ತದೆ. ಆ ಶಿಲಾರಸವು ತಣಿದು ಗ್ರಾನೈಟ್ ಆದಾಗ ಅಳಿದುಳಿದ ಅಮೋನಿಯಂ ಹೊಸ ಅಭ್ರಕದೊಳಗೆ ಮತ್ತೆ ಆಶ್ರಯ ಪಡೆಯುತ್ತದೆ. ಎಂದೋ ಸಮುದ್ರದಲ್ಲಿ ಬದುಕಿದ್ದ ಜೀವಿಯ ಸಾರಜನಕವು ಇಂದು ಬೆಟ್ಟದ ಬಂಡೆಯಲ್ಲಿ ಉಳಿದಿರುವುದು ಹೀಗೆ.

1929ರಲ್ಲಿ ಎರಡು ಘಟನೆಗಳು ನಡೆದುವು. ಸಾರಜನಕದಲ್ಲಿ ತೂಕದಲ್ಲಿ ಭಿನ್ನವಾದ ಎರಡು ಬಗೆಯ ಪರಮಾಣುಗಳಿವೆಯೆಂದು ಆ ವರ್ಷ ತಿಳಿದುಬಂದಿತು. ಇವುಗಳಿಗೆ ಸಮಸ್ಥಾನಿಗಳು ಅಥವಾ ಐಸೋಟೋಪುಗಳು ಎಂದು ಹೆಸರು. ಒಂದರ ರಾಶಿಸಂಖ್ಯೆ 14, ಇನ್ನೊಂದರದು 15. ಭಾರವಾದವು ಸಾವಿರ ಪರಮಾಣುಗಳಲ್ಲಿ ಮೂರು ನಾಲ್ಕು ಮಾತ್ರ. ಅದೇ ವರ್ಷ ಗೋಲ್ಡ್‌ಷ್ಮಿಟ್ ಅವರಿಗೆ ಜರ್ಮನಿಯ ಗ್ಯೋಟಿಂಗೆನ್ ವಿಶ್ವವಿದ್ಯಾನಿಲಯದಿಂದ ಆಹ್ವಾನ ಬಂದಿತು. ವಿಜ್ಞಾನಕ್ಕೆ ಜಗತ್ಪ್ರಸಿದ್ಧವಾಗಿದ್ದ ಆ ಊರಿನಲ್ಲಿ ಅವರಿಗೆ ಉತ್ತಮ ಪ್ರಯೋಗಶಾಲೆಯೂ ಸಮರ್ಥ ಶಿಷ್ಯರೂ ದೊರೆತರು. ಶಿಲೆಗಳಲ್ಲಿಯೂ ಉಲ್ಕೆಗಳಲ್ಲಿಯೂ ಅತ್ಯಲ್ಪ ಪ್ರಮಾಣದಲ್ಲಿರುವ ಧಾತುಗಳನ್ನು ಅಳೆಯುವ ಕಾರ್ಯದಲ್ಲಿ ಅವರು ಮಗ್ನರಾದರು.

ಆದರೆ ಆ ಸುಖ ಬಹುಕಾಲ ಉಳಿಯಲಿಲ್ಲ. 1933ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದನು. ಯೆಹೂದಿಗಳೆಂಬ ಒಂದೇ ಕಾರಣದಿಂದ ಅನೇಕ ವಿದ್ವಾಂಸರು ತಮ್ಮ ಹುದ್ದೆಗಳನ್ನು ಕಳೆದುಕೊಂಡರು. ಊರಿಗೆ ಯೆಹೂದಿಗಳು ಬೇಡವೆಂದು ಸಾರುವ ಫಲಕ 1935ರಲ್ಲಿ ಗ್ಯೋಟಿಂಗೆನ್ನಿನಲ್ಲಿ ಕಾಣಿಸಿಕೊಂಡಿತು. ಗೋಲ್ಡ್‌ಷ್ಮಿಟ್ ಅವರು ಈ ಅವಮಾನವನ್ನು ಸಹಿಸದೆ ರಾಜೀನಾಮೆಯನ್ನಿತ್ತರು. ವೃದ್ಧ ತಂದೆಯನ್ನು ಕರೆದುಕೊಂಡು ನಾರ್ವೆಗೆ ಹಿಂದಿರುಗಿದರು. ಆಸ್ಲೋ ವಿಶ್ವವಿದ್ಯಾನಿಲಯವು ಅವರನ್ನು ಆದರದಿಂದ ಬರಮಾಡಿಕೊಂಡಿತು. 1937ರಲ್ಲಿ ತಂದೆ ತೀರಿಕೊಂಡರು. ಅವಿವಾಹಿತರಾಗಿದ್ದ ಗೋಲ್ಡ್‌ಷ್ಮಿಟ್ ಏಕಾಂಗಿಯಾದರು. ಆದರೂ ಧೃತಿಗೆಡದೆ, ಭೂಮಿಯಲ್ಲಿಯೂ ಉಲ್ಕೆಗಳಲ್ಲಿಯೂ ನಕ್ಷತ್ರಗಳಲ್ಲಿಯೂ ಧಾತುಗಳು ಎಷ್ಟೆಷ್ಟು ಪ್ರಮಾಣದಲ್ಲಿವೆಯೆಂಬುದನ್ನು ನಿರ್ಣಯಿಸುವ ಪ್ರಬಂಧವನ್ನು ಮರುವರ್ಷವೇ ಪ್ರಕಟಿಸಿದರು.

1940ರ ಏಪ್ರಿಲ್‌ನಲ್ಲಿ ಜರ್ಮನ್ ಸೈನ್ಯವು ನಾರ್ವೆಯನ್ನು ಆಕ್ರಮಿಸಿತು. 1942ರ ಅಕ್ಟೋಬರ್ 26ರಂದು ಗೋಲ್ಡ್‌ಷ್ಮಿಟ್ ಬಂಧಿತರಾದರು. ಅವರ ಆಸ್ತಿ ಮುಟ್ಟುಗೋಲಾಯಿತು. ಬರ್ಗ್ ಎಂಬ ಬಂದೀಶಿಬಿರಕ್ಕೆ ಅವರನ್ನು ಕಳುಹಿಸಲಾಯಿತು. ಅನಾರೋಗ್ಯದ ಕಾರಣ ಕೆಲಕಾಲ ಬಿಡುಗಡೆ ದೊರೆತರೂ ಮತ್ತೆ ಸೆರೆಯಾದರು. ನವೆಂಬರ್ 26ರಂದು ಆಸ್ಲೋ ಬಂದರಿನಲ್ಲಿ ದೊನಾವ್ ಎಂಬ ಹಡಗು ಕಾದು ನಿಂತಿದ್ದಿತು. ನಾರ್ವೆಯ ಯೆಹೂದಿಗಳನ್ನು, ಹೆಂಗಸರು ಮಕ್ಕಳೆನ್ನದೆ, ಅದರಲ್ಲಿ ತುಂಬಲಾಗುತ್ತಿದ್ದಿತು. ಗೋಲ್ಡ್‌ಷ್ಮಿಟ್ ಅವರೂ ಆ ಸಾಲಿನಲ್ಲಿದ್ದರು. ಅವರ ಜ್ಞಾನ ದೇಶಕ್ಕೆ ಅಗತ್ಯವೆಂಬ ಕಾರಣದಿಂದ ಕಟ್ಟಕಡೆಯ ಕ್ಷಣದಲ್ಲಿ ಅವರನ್ನು ಸಾಲಿನಿಂದ ಹೊರಗೆ ಕರೆಯಲಾಯಿತು. ಹಡಗು ಅವರನ್ನು ಬಿಟ್ಟು ಹೊರಟಿತು. ಅದರಲ್ಲಿದ್ದ ಐನೂರಕ್ಕೂ ಹೆಚ್ಚು ಜನರನ್ನು ಆಷ್ವಿಟ್ಸ್ ಮರಣಶಿಬಿರಕ್ಕೆ ಒಯ್ಯಲಾಯಿತು. ಅವರಲ್ಲಿ ಜೀವಸಹಿತ ಉಳಿದವರು ಹತ್ತು ಮಂದಿಯೂ ಇಲ್ಲ.

ಮುಂದಿನ ತಿಂಗಳು ದೇಶಪ್ರೇಮಿಗಳಾದ ನಾರ್ವೆಯ ಜನರು ಪ್ರಾಣದ ಹಂಗು ತೊರೆದು ಗೋಲ್ಡ್‌ಷ್ಮಿಟ್ ಅವರನ್ನು ಗುಟ್ಟಾಗಿ ಗಡಿ ದಾಟಿಸಿ ಸ್ವೀಡನ್ನಿಗೆ ತಲುಪಿಸಿದರು. 1943ರ ಮಾರ್ಚ್‌ನಲ್ಲಿ ಅವರು ವಿಮಾನದಲ್ಲಿ ಬ್ರಿಟನ್ನನ್ನು ಸೇರಿದರು. ಸ್ಕಾಟ್ಲೆಂಡಿನ ಆಬರ್ಡೀನಿನಲ್ಲಿದ್ದ ಮಣ್ಣಿನ ಸಂಶೋಧನಾ ಸಂಸ್ಥೆಯಲ್ಲಿಯೂ, ಅನಂತರ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿಯೂ ಅವರಿಗೆ ಆಶ್ರಯ ದೊರೆಯಿತು. ಸೆರೆವಾಸದಿಂದ ಅವರ ಆರೋಗ್ಯ ಕೆಟ್ಟಿದ್ದಿತು. ಪ್ರಯೋಗಶಾಲೆ, ಮನೆ, ಪುಸ್ತಕಗಳು ಎಲ್ಲವೂ ಹಿಂದೆ ಉಳಿದಿದ್ದುವು. ಆದರೂ ಆ ಸ್ಥಿತಿಯಲ್ಲಿಯೇ ಅವರು ತಮ್ಮ ಜೀವಮಾನದ ಜ್ಞಾನವನ್ನೆಲ್ಲ ಒಟ್ಟುಗೂಡಿಸಿ ಭೂರಸಾಯನ ಶಾಸ್ತ್ರವನ್ನು ಕುರಿತ ಬೃಹದ್ಗ್ರಂಥವನ್ನು ಬರೆಯತೊಡಗಿದರು. ಯುದ್ಧ ಮುಗಿದ ಬಳಿಕ, 1946ರಲ್ಲಿ ಆಸ್ಲೋಗೆ ಮರಳಿದರು. 1947ರ ಮಾರ್ಚ್ 20ರಂದು, 59ನೆಯ ವಯಸ್ಸಿನಲ್ಲಿ ಅಲ್ಲಿಯೇ ನಿಧನರಾದರು. ನಾರ್ವೆಯ ಹಸಿರು ಬಣ್ಣದ ಆಲಿವೀನ್ ಶಿಲೆಯನ್ನು ಕುಲುಮೆಗಳ ಇಟ್ಟಿಗೆಗೆ ಬಳಸಬಹುದೆಂದು ತೋರಿಸಿಕೊಟ್ಟವರು ಅವರು. ಅವರ ಚಿತಾಭಸ್ಮವನ್ನು ಅದೇ ಕಲ್ಲಿನಿಂದ ಮಾಡಿದ ಕರಂಡಕದಲ್ಲಿಯೇ ಇರಿಸಲಾಯಿತು. ಅವರು ಮುಗಿಸದೆ ಬಿಟ್ಟಿದ್ದ ಗ್ರಂಥವನ್ನು ಇತರ ವಿದ್ವಾಂಸರು ಪೂರ್ಣಗೊಳಿಸಿದರು; ಅದು 1954ರಲ್ಲಿ ಪ್ರಕಟವಾಯಿತು.

ಗೋಲ್ಡ್‌ಷ್ಮಿಟ್ ಅವರು ಹಾಕಿಕೊಟ್ಟ ದಾರಿಯಲ್ಲಿ ವಿಜ್ಞಾನವು ಮುಂದೆ ಸಾಗಿತು. 1964ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಿಂದ ಹೊಸ ಬಗೆಯ ಫೆಲ್ಡ್‌ಸ್ಪಾರೊಂದು ವರದಿಯಾಯಿತು. ಅದರಲ್ಲಿ ಪೊಟ್ಯಾಸಿಯಂನ ಸ್ಥಳಗಳನ್ನು ಅಮೋನಿಯಂ ಅಯಾನುಗಳೇ ಆಕ್ರಮಿಸಿದ್ದುವು. ಅದಕ್ಕೆ ಬಡಿಂಗ್ಟನೈಟ್ ಎಂದು ಹೆಸರಿಟ್ಟರು. 1982ರಲ್ಲಿ ಜಪಾನಿನಿಂದ ಅಂಥದೇ ಅಭ್ರಕವೊಂದು, ಟೊಬೆಲೈಟ್, ಬೆಳಕಿಗೆ ಬಂದಿತು. ಗಾತ್ರದ ನಿಯಮವು ಹೇಳಿದ್ದ ಮಾತನ್ನು ಪ್ರಕೃತಿಯೇ ಹೀಗೆ ಅನುಮೋದಿಸಿತು.

ಸಾರಜನಕದ ಸಮಸ್ಥಾನಿಗಳು ಇಂದು ಗ್ರಾನೈಟಿನ ಪೂರ್ವಚರಿತ್ರೆಯನ್ನು ತಿಳಿಸುವ ಸಾಕ್ಷಿಗಳಾಗಿವೆ. ಗಾಳಿಯ ಸಾರಜನಕದಲ್ಲಿ ಭಾರ ಹಾಗೂ ಹಗುರ ಪರಮಾಣುಗಳಿರುವ ಪ್ರಮಾಣವನ್ನು ಅಳತೆಗೋಲಾಗಿಟ್ಟುಕೊಂಡು, ಕಲ್ಲಿನಲ್ಲಿ ಭಾರದ ಪರಮಾಣುಗಳು ಸಾವಿರಕ್ಕೆ ಎಷ್ಟು ಪಾಲು ಹೆಚ್ಚು ಅಥವಾ ಕಡಿಮೆ ಎಂದು ಲೆಕ್ಕಹಾಕುತ್ತಾರೆ. ಭೂಮಿಯ ಒಳಪದರದ ಸಾರಜನಕದಲ್ಲಿ ಭಾರದ ಪರಮಾಣುಗಳು ಗಾಳಿಗಿಂತ ಸಾವಿರಕ್ಕೆ ಸುಮಾರು 5 ಪಾಲು ಕಡಿಮೆ. ಜೀವಿಗಳಿಂದ ಬಂದ ಮೆಕ್ಕಲು ಶಿಲೆಗಳಲ್ಲಿ ಸಾಮಾನ್ಯವಾಗಿ ಗಾಳಿಗಿಂತ ಹೆಚ್ಚು. ಶಿಲೆಯು ಕಾಯುವಾಗ ಅಮೋನಿಯಂ ಒಡೆದು ಸಾರಜನಕವು ಹೊರಹೋಗುತ್ತದೆ. ಹಗುರ ಪರಮಾಣುಗಳ ಬಂಧ ತುಸು ಸಡಿಲವಾದುದರಿಂದ ಅವು ಮೊದಲು ಹೊರಡುತ್ತವೆ; ಉಳಿದ ಶಿಲೆಯಲ್ಲಿ ಭಾರದ ಪರಮಾಣುಗಳ ಪಾಲು ಏರುತ್ತದೆ. ಆದುದರಿಂದ ಒಂದು ಗ್ರಾನೈಟ್ ಮೆಕ್ಕಲು ಶಿಲೆಯ ಕರಗುವಿಕೆಯಿಂದ ಹುಟ್ಟಿತೇ ಅಥವಾ ಆಳದ ಬೇರೆ ಶಿಲೆಯಿಂದ ಬಂದಿತೇ ಎಂಬುದನ್ನು ಅದರ ಸಾರಜನಕ ಸೂಚಿಸಬಲ್ಲುದು. ಬಂಡೆ ಗಟ್ಟಿಯಾದ ಮೇಲೆ ಅದರ ಬಿರುಕುಗಳಲ್ಲಿ ಹರಿದ ಬಿಸಿನೀರು ಹೊಸ ಅಮೋನಿಯಮನ್ನು ತಂದು ಸೇರಿಸುವುದೂ ಉಂಟು. ಹೀಗಾಗಿ ಈ ಸಾಕ್ಷ್ಯವನ್ನು ಬಹು ಎಚ್ಚರಿಕೆಯಿಂದ ಪರಿಶೀಲಿಸಬೇಕಾಗುತ್ತದೆ.

ಭೂಮಿಯ ಶಿಲೆಗಳಲ್ಲಿ ಅಡಗಿರುವ ಒಟ್ಟು ಸಾರಜನಕವು ವಾಯುಮಂಡಲದಲ್ಲಿರುವುದಕ್ಕಿಂತಲೂ ಹೆಚ್ಚಾಗಿರಬಹುದೆಂದು ಈಚಿನ ಅಂದಾಜುಗಳು ತಿಳಿಸುತ್ತವೆ. ಶಿಲೆಗಳು ಶಿಥಿಲವಾದಾಗ ಬಿಡುಗಡೆಯಾಗುವ ಸಾರಜನಕವು ಕಾಡಿನ ಮರಗಿಡಗಳಿಗೆ ಪೋಷಣೆಯಾಗುತ್ತದೆಂದು 2018ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿದೆ. ಬಂಡೆಯಿಂದ ಬೆಳೆಗೆ ಆಹಾರವನ್ನು ಪಡೆಯಬಹುದೇ ಎಂದು ಯುದ್ಧಕಾಲದಲ್ಲಿ ಚಿಂತಿಸಿದ್ದ ಗೋಲ್ಡ್‌ಷ್ಮಿಟ್ ಅವರಿಗೆ ಈ ಸುದ್ದಿ ಅಪಾರ ಸಂತೋಷವನ್ನು ಕೊಡುತ್ತಿದ್ದಿತು.

ಅವರ ಹೆಸರಿನ ಪದಕವನ್ನು 1972ರಿಂದ ಶ್ರೇಷ್ಠ ಭೂರಸಾಯನ ವಿಜ್ಞಾನಿಗಳಿಗೆ ನೀಡಲಾಗುತ್ತಿದೆ. ದಕ್ಷಿಣ ಆಫ್ರಿಕದ ವಜ್ರವೊಂದರೊಳಗೆ ದೊರೆತ ಹೊಸ ಖನಿಜಕ್ಕೂ ಅವರ ಹೆಸರನ್ನೇ ಇಡಲಾಗಿದೆ. ಆದರೆ ಅವರ ನಿಜವಾದ ಸ್ಮಾರಕ ಇವೆರಡೂ ಅಲ್ಲ. ಪೊಟ್ಯಾಸಿಯಂನ ಬಂಧುವಲ್ಲದ ಅಮೋನಿಯಂಗೂ ತನ್ನ ಒಡಲಿನಲ್ಲಿ ಎಡೆಕೊಟ್ಟು ಕೋಟ್ಯಂತರ ವರ್ಷ ಕಾಪಾಡುವ ಅಭ್ರಕದ ಹರಳೇ ಅವರ ಸ್ಮಾರಕ. ಹುಟ್ಟಿದ ಕುಲವನ್ನು ನೋಡಿ ಮನುಷ್ಯರನ್ನು ಹೊರದೂಡಿದ ಕಾಲದಲ್ಲಿ ಬಾಳಿದ ಈ ವಿಜ್ಞಾನಿ, ದ್ವೇಷಕ್ಕೆ ದ್ವೇಷವನ್ನು ಹಿಂದಿರುಗಿಸದೆ, ಕೊನೆಯುಸಿರಿನವರೆಗೂ ಜ್ಞಾನವನ್ನೇ ಕೊಟ್ಟರು. ಅಂಥವರ ಬಾಳು ನಮಗೆ ಎಂದೆಂದಿಗೂ ದಾರಿದೀಪವಾಗಿದೆ.